ಬ್ಲೇಡ್ ಹೊರುತ್ತದೆ, ಶಾಕ್ ಅಡಗಿಸುತ್ತದೆ
ನಮ್ಮ ಪಿಕಪ್ ಕಲಿಸಿದ ಲೆಕ್ಕಶಾಸ್ತ್ರ

(ದ್ವಿತೀಯ ಪಿಯು ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ)

ಗೆಳೆಯರೇ, ವಾಣಿಜ್ಯ ವಿಭಾಗದವಳಿಗೆ ಗಾಡಿಯ ಶಾಕ್ ಅಬ್ಸಾರ್ಬರ್ ಜೊತೆ ಏನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇದೆ. ನಮ್ಮ ಮನೆ ನಡೆಯುವುದೇ ಒಂದು ಪಿಕಪ್ ಗಾಡಿಯಿಂದ. ಅಬ್ಬಾ ಹಳ್ಳಿಗಳ ತೋಟಗಳಿಂದ ಟೊಮೇಟೊ ತುಂಬಿಕೊಂಡು ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಹೊಡೆಯುತ್ತಾರೆ. ಬಾಡಿಗೆಯ ಲೆಕ್ಕ ಬರೆಯುವ ಪುಸ್ತಕ ಹತ್ತನೇ ತರಗತಿ ಮುಗಿದಾಗಿನಿಂದ ನನ್ನ ಕೈಯಲ್ಲಿದೆ. ಈ ವರ್ಷ ಆ ಪುಸ್ತಕದಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪನ್ನು ತಿದ್ದಿದವರು ಮೇಡಂ ಅಲ್ಲ, ಗ್ಯಾರೇಜಿನ ಉಸ್ತಾದ್. ಅದನ್ನೇ ಇಲ್ಲಿ ಪಾಠವಾಗಿ ಬರೆಯುತ್ತಿದ್ದೇನೆ.

ನಡೆದದ್ದು ಏನು

ಮಳೆಗಾಲದ ಒಂದು ಸಂಜೆ. ಅಬ್ಬಾ ಮಾರುಕಟ್ಟೆಯಲ್ಲಿ ಲೋಡ್ ಇಳಿಸಿ, ಖಾಲಿ ಗಾಡಿಯಲ್ಲಿ ನನ್ನನ್ನೂ ತಮ್ಮನನ್ನೂ ಮನೆಗೆ ಕರೆದುಕೊಂಡು ಹೊರಟಿದ್ದರು. ಊರ ಹತ್ತಿರ ರಸ್ತೆಯ ಮೇಲೆ ಬಣ್ಣ ಹೊಡೆಯದ ಹಂಪ್ ಒಂದಿದೆ. ಅದನ್ನು ದಾಟಿದ ಮೇಲೆ ಗಾಡಿಯ ಹಿಂಭಾಗ ಒಂದು ಸಲವಲ್ಲ, ನಾಲ್ಕೈದು ಸಲ ಕುಣಿಯಿತು. ಅದೇ ಹೊತ್ತಿಗೆ ಎದುರಿಗೆ ಹಸುವೊಂದು ಅಡ್ಡ ಬಂತು. ಅಬ್ಬಾ ಬ್ರೇಕ್ ಹಾಕಿದರು. ಗಾಡಿಯ ಹಿಂಭಾಗ ಪಕ್ಕಕ್ಕೆ ಎಗರಿ, ಮೋರಿಯ ಕಟ್ಟೆಗೆ ಒಂದು ಅಡಿ ದೂರದಲ್ಲಿ ನಿಂತಿತು. ತಮ್ಮನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು ಊದಿಕೊಂಡಿತು. ಹಸು ತನ್ನ ಪಾಡಿಗೆ ಹೋಯಿತು. ಅಬ್ಬಾ ಮಾತ್ರ ಸ್ವಲ್ಪ ಹೊತ್ತು ಸ್ಟೇರಿಂಗ್ ಬಿಡಲೇ ಇಲ್ಲ.

ಮರುದಿನ ಗಾಡಿ ಗ್ಯಾರೇಜಿಗೆ ಹೋಯಿತು. ಕಾಲೇಜಿಗೆ ರಜೆ ಇತ್ತು, ನಾನೂ ಹೋದೆ. ಅಲ್ಲಿ ಅಬ್ಬಾನ ಪರಿಚಯದ ಇನ್ನೊಬ್ಬ ಡ್ರೈವರ್ ಇದ್ದರು. "ಹೇಗೂ ಹಿಂದುಗಡೆ ಬಿಚ್ಚಿಸುತ್ತಿದ್ದೀರಲ್ಲ, ಎರಡೆರಡು ಬ್ಲೇಡ್ ಹೆಚ್ಚಿಗೆ ಹಾಕಿಸಿಬಿಡಿ ಭಾಯ್. ನೂರಹತ್ತು ಕ್ರೇಟ್ ಹಾಕಿದರೂ ಗಾಡಿ ಕೂರುವುದಿಲ್ಲ" ಎಂದರು. ಅಬ್ಬಾಗೆ ಆಸೆಯಾಯಿತು. ಗಾಡಿಯ ಕಂತು ಇನ್ನೂ ಬಾಕಿಯಿದೆ. ನನಗೂ ಆಸೆಯಾಯಿತು, ಏಕೆಂದರೆ ಆ ಕಂತನ್ನು ಪ್ರತಿ ತಿಂಗಳು ಪುಸ್ತಕದಲ್ಲಿ ಬರೆಯುವವಳು ನಾನೇ. ಮನೆಗೆ ಬಂದು ಹೊಸ ಹಾಳೆಯಲ್ಲಿ ಹೀಗೆ ಬರೆದೆ: "ಹೆಚ್ಚುವರಿ ಬ್ಲೇಡ್, ಅಂದಾಜು 5,000 ರೂ., ಬಂಡವಾಳ ವೆಚ್ಚ."

ನಾವು ತರಗತಿಯಲ್ಲಿ ಓದಿದ್ದು ನೆನಪಿದೆಯಲ್ಲವೇ? ಆಸ್ತಿಯನ್ನು ಇದ್ದ ಸ್ಥಿತಿಯಲ್ಲಿ ಉಳಿಸಿಕೊಳ್ಳಲು ಮಾಡುವ ಖರ್ಚು ರಾಜಸ್ವ ವೆಚ್ಚ. ಆಸ್ತಿಯ ಗಳಿಸುವ ಸಾಮರ್ಥ್ಯವನ್ನು ಹೆಚ್ಚಿಸಿ, ಹಲವು ವರ್ಷ ಲಾಭ ಕೊಡುವ ಖರ್ಚು ಬಂಡವಾಳ ವೆಚ್ಚ. ಬ್ಲೇಡ್ ಹಾಕಿದರೆ ಗಾಡಿ ಹೆಚ್ಚು ಹೊರುತ್ತದೆ, ಆದ್ದರಿಂದ ಬಂಡವಾಳ ವೆಚ್ಚ. ಪರೀಕ್ಷೆಯಲ್ಲಾದರೆ ಅಂಕ ಸಿಗುತ್ತಿತ್ತು ಎಂದುಕೊಂಡೆ.

ಬ್ಲೇಡಿನ ಕೆಲಸ ಬೇರೆ, ಶಾಕಿನ ಕೆಲಸ ಬೇರೆ

ಮರುದಿನ ಗ್ಯಾರೇಜಿನಲ್ಲಿ ಅಬ್ಬಾ, "ನನ್ನ ಮಗಳು ಲೆಕ್ಕ ಹಾಕಿದ್ದಾಳೆ" ಎಂದು ಹೆಮ್ಮೆಯಿಂದ ಆ ಹಾಳೆಯನ್ನು ಉಸ್ತಾದ್ ಚಾಚಾಗೆ ತೋರಿಸಿದರು. ಚಾಚಾ ಓದಿ ನಕ್ಕರು. "ಬೇಟಿ, ಮೊದಲು ಗಾಡಿಯ ಕೆಳಗೆ ನೋಡು, ಆಮೇಲೆ ಹಾಳೆ ನೋಡೋಣ" ಎಂದರು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಉರ್ದು, ಕನ್ನಡ, ತೆಲುಗು ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಜೋಡಿಸಿ ಬರೆಯುತ್ತೇನೆ.

ಪಿಕಪ್‌ನ ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಇದನ್ನು ಕಮಾನು ಪಟ್ಟಿ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಬ್ಲೇಡ್ ಎನ್ನುತ್ತಾರೆ. ನಮ್ಮ ಉರ್ದುವಿನಲ್ಲಿ ಕಮಾನ್ ಎಂದರೆ ಬಿಲ್ಲು. ಆಕಾರ ನೋಡಿದರೆ ಹೆಸರು ಸರಿಯಾಗಿಯೇ ಇದೆ. ಎಲ್ಲಕ್ಕಿಂತ ಉದ್ದವಾದದ್ದು ಮೇನ್ ಬ್ಲೇಡ್. ಅದರ ಎರಡು ತುದಿಗಳು ಸುರುಳಿಯಾಗಿ ಚಾಸಿಗೆ ಸೇರುತ್ತವೆ. ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡವಾದ ಪಟ್ಟಿಗಳು. ಭಾರ ಬಿದ್ದಾಗ ಕಟ್ಟಿನ ನಡುಭಾಗಕ್ಕೇ ಹೆಚ್ಚು ಒತ್ತಡ ಬೀಳುವುದರಿಂದ ನಡುವೆ ಪಟ್ಟಿಗಳು ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಕೆಲವು ಗಾಡಿಗಳಲ್ಲಿ ಹೆಲ್ಪರ್ ಬ್ಲೇಡ್ ಕೂಡ ಇರುತ್ತದೆ. ಅದು ಖಾಲಿ ಇದ್ದಾಗ ಸುಮ್ಮನಿದ್ದು, ಲೋಡ್ ಬಿದ್ದಾಗ ಮಾತ್ರ ಭಾರಕ್ಕೆ ಹೆಗಲು ಕೊಡುತ್ತದೆ.

ಸ್ಪ್ರಿಂಗಿನ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದರು: ಎಷ್ಟು ಭಾರ ಹಾಕುತ್ತೀರೋ ಅದಕ್ಕೆ ತಕ್ಕಷ್ಟು ಬಾಗುತ್ತದೆ. ಭಾರ ಎರಡು ಪಟ್ಟಾದರೆ ಬಾಗುವುದೂ ಎರಡು ಪಟ್ಟು. ಆದರೆ ಸ್ಪ್ರಿಂಗಿಗೆ ಒಂದು ದೋಷವಿದೆ. ಅದು ಪಡೆದದ್ದನ್ನು ಹಿಂದಕ್ಕೆ ಕೊಡುತ್ತದೆ. ಗುಂಡಿಯಲ್ಲಿ ಬಿದ್ದಾಗ ಒಳಗೆ ತುಂಬಿಕೊಂಡ ಶಕ್ತಿಯನ್ನು ಮರುಕ್ಷಣ ಮೇಲಕ್ಕೆ ಎಸೆಯುತ್ತದೆ. ಮತ್ತೆ ಕೆಳಗೆ, ಮತ್ತೆ ಮೇಲೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದ ಕುಣಿತ ಸ್ವಲ್ಪ ಇಳಿಯುತ್ತದೆ, ಆದರೆ ಅಷ್ಟು ಸಾಲದು.

ಇಲ್ಲಿಯೇ ಶಾಕ್ ಅಬ್ಸಾರ್ಬರ್ ಬರುತ್ತದೆ. ಅದು ಎಣ್ಣೆ ತುಂಬಿದ ಒಂದು ಕೊಳವೆ. ಒಳಗೆ ಸಣ್ಣ ತೂತುಗಳೂ ವಾಲ್ವುಗಳೂ ಇರುವ ಪಿಸ್ಟನ್. ಚಕ್ರ ಮೇಲೆ ಕೆಳಗೆ ಹೋದಾಗ ಪಿಸ್ಟನ್ ಎಣ್ಣೆಯನ್ನು ಆ ತೂತುಗಳ ಮೂಲಕ ತಳ್ಳಬೇಕು. ಎಣ್ಣೆ ಸುಲಭವಾಗಿ ದಾರಿ ಬಿಡುವುದಿಲ್ಲ. ಆ ತಿಕ್ಕಾಟದಲ್ಲಿ ಕುಣಿತದ ಶಕ್ತಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಅದಕ್ಕೇ ಕೆಟ್ಟ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಶಾಕ್ ಬಿಸಿಯಾಗಿರಬೇಕು ಎನ್ನುತ್ತಾರೆ ಚಾಚಾ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ತಣ್ಣಗಿರುವುದು ಕೆಲಸ ಬಿಟ್ಟಿದೆ ಎಂದೇ ಅನುಮಾನಿಸಬೇಕು.

ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ: ಬ್ಲೇಡ್ ಹೊರುತ್ತದೆ, ಶಾಕ್ ಅಡಗಿಸುತ್ತದೆ. ಶಾಕ್ ಭಾರ ಹೊರುವುದಿಲ್ಲ. ಆದ್ದರಿಂದ ಹೊಸ ಶಾಕ್ ಹಾಕಿ ಹೆಚ್ಚು ಲೋಡ್ ಹೊಡೆಯುತ್ತೇನೆ ಎನ್ನುವವರೂ, ಬ್ಲೇಡ್ ಸೇರಿಸಿ ಕುಣಿತ ನಿಲ್ಲಿಸುತ್ತೇನೆ ಎನ್ನುವವರೂ ಇಬ್ಬರೂ ತಪ್ಪು ಮಾಡುತ್ತಾರೆ.

ಖಾಲಿ ಗಾಡಿಯೇ ಏಕೆ ಹೆಚ್ಚು ಕುಣಿಯುತ್ತದೆ?

ಈ ಪ್ರಶ್ನೆಯನ್ನು ವಿಜ್ಞಾನ ವಿಭಾಗದ ಗೆಳತಿಗೆ ಕೇಳಿದೆ. ಅವಳು ಒಂದು ಸುಲಭ ಲೆಕ್ಕ ಕೊಟ್ಟಳು. ಗಾಡಿಯ ಭಾರಕ್ಕೆ ಸ್ಪ್ರಿಂಗ್ ಎಷ್ಟು ಸೆಂಟಿಮೀಟರ್ ಕುಸಿದಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಬರುವ ಉತ್ತರ ಒಂದು ಸೆಕೆಂಡಿಗೆ ಗಾಡಿ ಸುಮಾರು ಎಷ್ಟು ಸಲ ಕುಣಿಯುತ್ತದೆ ಎಂಬುದು. ಉದಾಹರಣೆಗೆ, ಖಾಲಿ ಗಾಡಿಗೆ ಸ್ಪ್ರಿಂಗ್ 4 ಸೆ.ಮೀ. ಕುಸಿದರೆ ಉತ್ತರ ಸೆಕೆಂಡಿಗೆ 2.5 ಸಲ. ಲೋಡ್ ಹಾಕಿದಾಗ 9 ಸೆ.ಮೀ. ಕುಸಿದರೆ ಸುಮಾರು 1.7 ಸಲ. ಲೋಡ್ ಇದ್ದಾಗ ಗಾಡಿ ತೊಟ್ಟಿಲಿನಂತೆ ನಿಧಾನವಾಗಿ ತೂಗುವುದಕ್ಕೂ, ಖಾಲಿ ಇದ್ದಾಗ ಎತ್ತಿ ಎತ್ತಿ ಹಾಕುವುದಕ್ಕೂ ಇದೇ ಕಾರಣ.

ಈಗ ಬ್ಲೇಡ್ ಸೇರಿಸಿದರೆ ಏನಾಗುತ್ತದೆ? ಸ್ಪ್ರಿಂಗ್ ಇನ್ನೂ ಗಡಸಾಗುತ್ತದೆ. ಖಾಲಿ ಗಾಡಿಗೆ 4 ಸೆ.ಮೀ. ಬದಲು ಸುಮಾರು 3 ಸೆ.ಮೀ. ಮಾತ್ರ ಕುಸಿದರೆ ಕುಣಿತ ಸೆಕೆಂಡಿಗೆ 2.9 ಸಲಕ್ಕೆ ಏರುತ್ತದೆ. ಮಾರುಕಟ್ಟೆಯಿಂದ ಬರುವಾಗ ನಮ್ಮ ಗಾಡಿ ಬಹುಪಾಲು ಖಾಲಿಯೇ. ಅಂದರೆ ದಾರಿಯ ಅರ್ಧ ಭಾಗದಲ್ಲಿ ಗಾಡಿ ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಕುಣಿಯುವ ಟೈರ್ ರಸ್ತೆಯನ್ನು ಬಿಟ್ಟು ಏಳುತ್ತದೆ. ರಸ್ತೆಯನ್ನು ಮುಟ್ಟದ ಟೈರಿಗೆ ಬ್ರೇಕ್ ಹಾಕಿ ಏನು ಪ್ರಯೋಜನ? ಹಸು ಅಡ್ಡ ಬಂದ ಸಂಜೆ ನಮಗೆ ಆದದ್ದು ಇದೇ. ಚಾಚಾ ನಮ್ಮ ಗಾಡಿಯ ಎಡಗಡೆಯ ಹಳೆಯ ಶಾಕನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಣ್ಣೆ ಸೋರಿ, ಅದರ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಎಳೆದರೆ ಸೈಕಲ್ ಪಂಪಿನಂತೆ ಸಲೀಸಾಗಿ ಬಂತು. ಹೊಸದನ್ನು ಎಳೆದು ನೋಡಿದೆ. ಎರಡು ಕೈ ಹಾಕಿದರೂ ನಿಧಾನವಾಗಿಯೇ ಬಂತು. ಆ ವ್ಯತ್ಯಾಸ ನನಗೆ ಯಾವ ಪುಸ್ತಕದಿಂದಲೂ ತಿಳಿಯುತ್ತಿರಲಿಲ್ಲ.

ಬ್ಲೇಡ್ ಬದಲಾದರೆ ಬದಲಾಗದಿರುವುದು

"ಚಾಚಾ, ಆದರೂ ಬ್ಲೇಡ್ ಹಾಕಿದರೆ ಹೆಚ್ಚು ಹೊರುತ್ತದಲ್ಲವೇ?" ಎಂದು ಕೇಳಿದೆ.

"ಹೊರುವುದು ಬ್ಲೇಡ್ ಒಂದೇನಾ? ಆಕ್ಸಲ್ ಅದೇ. ಬೇರಿಂಗ್ ಅದೇ. ಟೈರ್ ಅದೇ. ಬ್ರೇಕ್ ಅದೇ. ಚಾಸಿ ಅದೇ. ಬ್ಲೇಡ್ ಹಾಕಿದರೆ ಗಾಡಿ ಎದ್ದು ನಿಲ್ಲುತ್ತದೆ, ಅಷ್ಟೇ. ಲೋಡ್ ಹೆಚ್ಚಾಗಿದೆ ಎಂದು ಹೇಳುತ್ತಿದ್ದ ಸಾಕ್ಷಿಯ ಬಾಯಿ ಮುಚ್ಚಿಸಿದ ಹಾಗೆ" ಎಂದರು.

ಇನ್ನೊಂದು ವಿಷಯ ತೋರಿಸಿದರು. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದು ಬ್ರೇಕಿನ ವಾಲ್ವಿಗೆ ಸೇರಿದೆ. ಲೋಡ್ ಬಿದ್ದು ಗಾಡಿ ಕುಸಿದರೆ ಆ ವಾಲ್ವ್ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಬಿಡುತ್ತದೆ. ಗಾಡಿ ಖಾಲಿ ಇದ್ದು ಎದ್ದು ನಿಂತಿದ್ದರೆ, ಚಕ್ರ ಜಾಮ್ ಆಗದಿರಲಿ ಎಂದು ಕಡಿಮೆ ಬಿಡುತ್ತದೆ. ಹೆಚ್ಚಿಗೆ ಬ್ಲೇಡ್ ಹಾಕಿ ಗಾಡಿಯನ್ನು ಎತ್ತಿ ನಿಲ್ಲಿಸಿದರೆ, ತುಂಬಾ ಲೋಡ್ ಇದ್ದಾಗಲೂ ವಾಲ್ವ್ ಗಾಡಿ ಹಗುರವಾಗಿದೆ ಎಂದೇ ತಿಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬ್ರೇಕ್ ಬೇಕಾದ ಹೊತ್ತಿನಲ್ಲಿ ಕಡಿಮೆ ಸಿಗುತ್ತದೆ. ಇದನ್ನು ಕೇಳಿದಾಗ ನನಗೆ ತಮ್ಮನ ಊದಿದ ಹಣೆ ನೆನಪಾಯಿತು. ಆ ದಿನ ಗಾಡಿ ಖಾಲಿ ಇತ್ತು. ತುಂಬಿದ್ದರೆ?

ಆರ್‌ಸಿ ಓದುವುದು ಹೇಗೆ

ಮನೆಗೆ ಬಂದು ಗಾಡಿಯ ಆರ್‌ಸಿ ತೆಗೆದೆ. ಇಷ್ಟು ವರ್ಷ ಅದನ್ನು ನಾನು ಓದಿಯೇ ಇರಲಿಲ್ಲ. ಅದರಲ್ಲಿ ಎರಡು ಸಂಖ್ಯೆಗಳಿವೆ. ಒಂದು ಖಾಲಿ ಗಾಡಿಯ ತೂಕ. ನಮ್ಮದು 1,690 ಕೆ.ಜಿ. ಇನ್ನೊಂದು ಲೋಡ್ ಸೇರಿ ಇರಬಹುದಾದ ಒಟ್ಟು ತೂಕ, 2,990 ಕೆ.ಜಿ. ಎರಡರ ವ್ಯತ್ಯಾಸ 1,300 ಕೆ.ಜಿ. ಖಾಲಿ ತೂಕದಲ್ಲಿ ಡ್ರೈವರ್ ಮತ್ತು ಕ್ಲೀನರ್ ತೂಕ ಸೇರಿರುವುದಿಲ್ಲ ಎಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಇಬ್ಬರ ತೂಕ ಸುಮಾರು 140 ಕೆ.ಜಿ. ಕಳೆಯಬೇಕು. ಉಳಿದದ್ದು 1,160 ಕೆ.ಜಿ.

ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಪ್ಲಾಸ್ಟಿಕ್ ಕ್ರೇಟಿನ ತೂಕ ಒಂದೂವರೆ ಕೆ.ಜಿ. ಎಂದು ಹಿಡಿದರೆ ಒಂದಕ್ಕೆ 16.5 ಕೆ.ಜಿ. 1,160ನ್ನು 16.5ರಿಂದ ಭಾಗಿಸಿದೆ. ಉತ್ತರ 70. ಅಬ್ಬಾ ಸೀಸನ್ನಿನಲ್ಲಿ ಹಾಕುತ್ತಿದ್ದದ್ದು 85. ಅಂದರೆ ಬ್ಲೇಡಿನ ಮಾತು ಬರುವ ಮೊದಲೇ ನಾವು ಗೆರೆ ದಾಟಿದ್ದೆವು. ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಅಬ್ಬಾಗೆ ತೋರಿಸಿದೆ. ಅವರು, "ಎಲ್ಲರೂ ಹಾಕುತ್ತಾರೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲರ ಮಕ್ಕಳೂ ಲೆಕ್ಕ ಹಾಕುವುದಿಲ್ಲ" ಎಂದರು. ಕೋಪವೋ ಮೆಚ್ಚುಗೆಯೋ ಗೊತ್ತಾಗಲಿಲ್ಲ.

ಲಾಭ ನಷ್ಟದ ಹಾಳೆ

ನಂತರ ಎರಡು ಕಾಲಂ ಹಾಕಿದೆ. ಕ್ರೇಟಿಗೆ ನಮ್ಮ ಬಾಡಿಗೆ 12 ರೂ. 70 ಕ್ರೇಟಿಗೆ 840 ರೂ. 110 ಕ್ರೇಟಿಗೆ 1,320 ರೂ. ಒಂದು ಟ್ರಿಪ್ಪಿಗೆ 480 ರೂ. ಹೆಚ್ಚು. ನೋಡಲು ದೊಡ್ಡ ಲಾಭ.

ಎದುರು ಕಾಲಂ: 1988ರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ, 2019ರ ತಿದ್ದುಪಡಿಯ ನಂತರ, ಅತಿಭಾರಕ್ಕೆ 20,000 ರೂ. ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಇನ್ನೂ 2,000 ರೂ. ಎನ್ನುತ್ತದೆ. ಹೆಚ್ಚಿನ ಲೋಡ್ ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ. ಇಳಿಸುವ ಖರ್ಚೂ ನಮ್ಮದೇ. ಬರೀ 20,000ವನ್ನು 480ರಿಂದ ಭಾಗಿಸಿದರೂ 42 ಟ್ರಿಪ್ಪಿನ ಹೆಚ್ಚುವರಿ ದುಡಿಮೆ ಒಂದೇ ದಿನದಲ್ಲಿ ಹೋಗುತ್ತದೆ. ಅಷ್ಟರಲ್ಲಿ ದಾರಿಯಲ್ಲಿ ಇಳಿಸಿದ ಟೊಮೇಟೊ ಬಿಸಿಲಿನಲ್ಲಿ ಕಾಯುತ್ತಾ ಕೂರುವುದಿಲ್ಲ.

ಅದೇ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಟೈರ್ ಸವೆತ, ಬೇರಿಂಗ್, ಆಕ್ಸಲ್ ಇವುಗಳಿಗೆ ನಾನು ಅಂಕಿ ಬರೆಯಲಿಲ್ಲ. ಬಲಗಡೆಯ ಕಾಲಂ ಅಷ್ಟಕ್ಕೇ ಭಾರವಾಗಿತ್ತು.

ಈಗ ನನ್ನ ತಪ್ಪು ನನಗೆ ಕಂಡಿತು. ಗಾಡಿಯ ಸಾಮರ್ಥ್ಯ ಎನ್ನುವುದು ಬ್ಲೇಡಿನಲ್ಲಿ ಇಲ್ಲ, ಇಡೀ ಗಾಡಿಯಲ್ಲಿದೆ. ಅದನ್ನು ಬರೆದಿರುವುದು ಆರ್‌ಸಿಯಲ್ಲಿ. ಬ್ಲೇಡ್ ಸೇರಿಸಿದರೆ ಆ ಸಂಖ್ಯೆ ಒಂದು ಕಿಲೋ ಕೂಡ ಏರುವುದಿಲ್ಲ. ಏರದ ಸಾಮರ್ಥ್ಯಕ್ಕೆ ಮಾಡಿದ ಖರ್ಚನ್ನು ಬಂಡವಾಳ ವೆಚ್ಚ ಎಂದು ಬರೆಯುವುದು ಹೇಗೆ? ಆ ಸಾಲಿನ ಮೇಲೆ ಅಡ್ಡಗೆರೆ ಎಳೆದೆ.

ನಾವು ಮಾಡಿಸಿದ್ದು

ಚಾಚಾ ಹೇಳಿದಂತೆ ಹಿಂದಿನ ಎರಡೂ ಶಾಕ್ ಬದಲಾಯಿಸಿದೆವು. ಒಂದೇ ಕೆಟ್ಟಿದ್ದರೂ ಒಂದು ಆಕ್ಸಲ್ಲಿನ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ನಡೆಯುತ್ತದೆ. ನಮ್ಮ ಮಾಡೆಲ್ಲಿಗೇ ಹೇಳಿದ ಅಳತೆಯ ಗ್ಯಾಸ್ ಶಾಕ್ ಹಾಕಿಸಿದೆವು. ಗ್ಯಾಸ್ ಎಂದರೆ ಎಣ್ಣೆ ಇರುವುದಿಲ್ಲ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಎಣ್ಣೆಯ ಜೊತೆ ನೈಟ್ರೋಜನ್ ಅನ್ನು ಒತ್ತಡದಲ್ಲಿ ತುಂಬಿರುತ್ತಾರೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದಾಗ ಎಣ್ಣೆ ನೊರೆಯಾದರೆ ಪಿಸ್ಟನ್ನಿಗೆ ತಡೆ ಸಿಗುವುದಿಲ್ಲ. ಆ ನೊರೆಯನ್ನು ಗ್ಯಾಸಿನ ಒತ್ತಡ ಕಡಿಮೆ ಮಾಡುತ್ತದೆ. ಸವೆದ ರಬ್ಬರ್ ಬುಷ್‌ಗಳನ್ನು ತೆಗೆಸಿದೆವು. ಕುಸಿದು ಚಪ್ಪಟೆಯಾಗಿದ್ದ ಬ್ಲೇಡುಗಳಿಗೆ ಹೊಸದನ್ನು ಸೇರಿಸದೆ, ಮೊದಲಿದ್ದ ಬಾಗು ಮತ್ತೆ ಕೊಡಿಸಿ, ಯು-ಬೋಲ್ಟ್ ಹೊಸದು ಹಾಕಿಸಿದೆವು.

ನಮ್ಮ ಬಿಲ್ಲು: ಶಾಕ್ ಎರಡಕ್ಕೆ 3,400, ಬುಷ್ 600, ಬ್ಲೇಡ್ ಕೆಲಸ ಮತ್ತು ಯು-ಬೋಲ್ಟ್ 1,800, ಕೂಲಿ 900. ಒಟ್ಟು 6,700 ರೂ. ಬೇರೆ ಗಾಡಿಗೆ ಬೇರೆ ಆಗುತ್ತದೆ. ಇದನ್ನು ರಾಜಸ್ವ ವೆಚ್ಚದಲ್ಲಿ ಬರೆದೆ, ಏಕೆಂದರೆ ಗಾಡಿಯನ್ನು ಅದು ಇರಬೇಕಾದ ಸ್ಥಿತಿಗೆ ತಂದದ್ದು ಮಾತ್ರ. ಮೇಡಂಗೆ ತೋರಿಸಿದಾಗ ಸರಿ ಎಂದರು.

ಫಲ ಏನು? ಈಗ ಹಂಪ್ ದಾಟಿದರೆ ಗಾಡಿ ಒಂದು ಸಲ ಎದ್ದು ಕೂರುತ್ತದೆ. ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಎಲ್ಲಕ್ಕಿಂತ ಮೇಲಿನ ಕ್ರೇಟಿನ ಹಣ್ಣು ಹೆಚ್ಚು ಕುಣಿದು ಜಜ್ಜುತ್ತಿತ್ತು, ಅದು ಕಡಿಮೆಯಾಗಿದೆ. ಅಬ್ಬಾ ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುವುದೂ ಕಡಿಮೆಯಾಗಿದೆ.

ಆದರೆ ಎಲ್ಲವೂ ಲಾಭವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. 85ರಿಂದ 70ಕ್ಕೆ ಇಳಿದದ್ದರಿಂದ ಟ್ರಿಪ್ಪಿಗೆ 180 ರೂ. ಕಡಿಮೆ. ತಿಂಗಳಿಗೆ 25 ಟ್ರಿಪ್ ಹಿಡಿದರೆ 4,500 ರೂ. ಇದು ನಮ್ಮ ಮನೆಗೆ ಸಣ್ಣ ಮೊತ್ತವಲ್ಲ. ಒಮ್ಮೆ ತೋಟದ ಯಜಮಾನರು ಉಳಿದ ಹದಿನೈದು ಕ್ರೇಟುಗಳಿಗೆ ನಮ್ಮೆದುರೇ ಫೋನ್ ಮಾಡಿ ಬೇರೆ ಗಾಡಿ ಕರೆಸಿದರು. ಅಬ್ಬಾ ಏನೂ ಹೇಳಲಿಲ್ಲ, ಹಗ್ಗ ಬಿಗಿದು ಹೊರಟರು. ಹತ್ತಿರದ ತೋಟಗಳಿಗೆ ಕೆಲವು ದಿನ ಎರಡನೇ ಟ್ರಿಪ್ ಹೊಡೆಯುತ್ತಾರೆ. ಕಂತು ಈವರೆಗೆ ತಪ್ಪಿಲ್ಲ.

ಈ ಲೇಖನ ಬರೆಯಲೇ ಎಂದು ಅಬ್ಬಾನನ್ನು ಕೇಳಿದೆ. "ನಾನು 85 ಹಾಕುತ್ತಿದ್ದೆ ಎನ್ನುವುದನ್ನೂ ಬರೆ. ಲೆಕ್ಕದ ಪುಸ್ತಕದಲ್ಲಿ ಬಚ್ಚಿಡಬಾರದು" ಎಂದರು.

ನಿಮ್ಮ ಮನೆಯಲ್ಲಿ ಗಾಡಿ ಇದ್ದರೆ ನೋಡಬೇಕಾದವು

1. ಗಾಡಿಯ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಎದ್ದು ಒಂದೇ ಸಲಕ್ಕೆ ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ಶಾಕ್ ತೋರಿಸಿ. ಪಿಕಪ್‌ನ ಹಿಂಭಾಗ ಗಡಸಾಗಿರುವುದರಿಂದ ಕೈಗೆ ಗೊತ್ತಾಗದಿದ್ದರೆ, ಹಂಪ್ ದಾಟುವಾಗ ಹೊರಗೆ ನಿಂತು ನೋಡಿ.

2. ಶಾಕಿನ ಕೊಳವೆಯ ಮೇಲೆ ಎಣ್ಣೆ ಸೋರಿ ಧೂಳು ಕೂತಿದೆಯೇ ನೋಡಿ.

3. ಟೈರಿನ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ತಗ್ಗು ಉಬ್ಬು ಸಿಕ್ಕರೆ ಟೈರ್ ಕುಣಿಯುತ್ತಾ ಓಡುತ್ತಿದೆ ಎಂದು ಅರ್ಥ.

4. ಬ್ಲೇಡಿನಲ್ಲಿ ಬಿರುಕು, ಸಡಿಲ ಯು-ಬೋಲ್ಟ್, ಸವೆದ ಬುಷ್ ಇದ್ದರೆ ತಡಮಾಡದೆ ಸರಿಮಾಡಿಸಿ.

5. ಕೊನೆಯದಾಗಿ, ಆರ್‌ಸಿ ತೆಗೆದು ಎರಡು ಸಂಖ್ಯೆಗಳನ್ನು ಕಳೆಯಿರಿ. ಉತ್ತರದಿಂದ ಗಾಡಿಯಲ್ಲಿ ಕೂರುವವರ ತೂಕವನ್ನೂ ಕಳೆಯಿರಿ. ಬಂದ ಉತ್ತರವನ್ನು ಮನೆಯವರಿಗೆ ತೋರಿಸಿ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಈಗ ಬಾಡಿಗೆಯ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: ಕ್ರೇಟ್ ಎಷ್ಟು. ಅದನ್ನು ನಾನು ಬರೆಯುವುದಿಲ್ಲ. ಪ್ರತಿ ರಾತ್ರಿ ಅಬ್ಬಾ ತಮ್ಮ ಕೈಯಿಂದಲೇ ಬರೆಯುತ್ತಾರೆ.